ಅಮಾಸಿ ದಿವಸ ಪುಕ್ಕಟ ಪಾರ್ಕಿಂಗು

ನಮ್ಮ ಮನಿಯವರಿಗೆ ಒಂದು ಚಟ ಅದ. ಕುಡಿಯೂದಲ್ಲ, ಇಸ್ಪೀಟಲ್ಲ. ಗೋವಾದಾಗ ಹನ್ನೊಂದು ವರ್ಷ ಇದ್ದೂ ಒಂದು ಕ್ಯಾಸಿನೋದ ಮೆಟ್ಟಲಾ ತುಳದವರಲ್ಲ. ಪುಕ್ಕಟ ಪಾರ್ಕಿಂಗು, ಅದ ಅವರ ಚಟ. ಕಲಂಗೂಟ್‌ನ್ಯಾಗ ಯಾವ ಗ್ವಾಡಿ ಬಾಜೂಕ, ಯಾವ ಹೊತ್ತಿನ್ಯಾಗ ಗಾಡಿ ಹಚ್ಚಿದ್ರ ಯಾರೂ ಕೇಳೂದಿಲ್ಲ ಅನ್ನೂದು ಅಲ್ಲೇ ಹುಟ್ಟಿ ಬೆಳದವರಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ. ಮಾರ್ಕೆಟ್ಟಿನ ಹಿಂದ ಮುಂಜಾನೆ ಹತ್ತರ ಒಳಗ. ಇಗರ್ಜಿ ಮುಂದ, ಒಳಗ ಪ್ರಾರ್ಥನಾ ಇಲ್ಲದಾಗ. ಬಾಗಲಾ ಮುಚ್ಚಿದ ಒಂದು ಹೋಟೆಲ್ಲಿನ ಎದರಿಗೆ, ಯಾವಾಗ ಬೇಕಾದ್ರೂ. ಇವನ್ನೆಲ್ಲಾ ಬಾಯಿಪಾಠ ಇಟ್ಟಾರ.

ಡಿಸೆಂಬರ್ ಬಂತಂದ್ರ ಧಾರವಾಡ, ಬೆಳಗಾವಿ ಕಡಿಂದ ಬೀಗರು ಬಿಜ್ಜರು ಬರ್ತಾರ. ಎಲ್ಲಾರನ್ನೂ ಕೂಡಿಸಿಕೊಂಡು ಹೋಗಿ ಸಮುದ್ರ ತೋರಿಸಿ, ವಾಪಸ್ ಬರೂಮುಂದ ಇವರು ಕೇಳ್ತಾರ, "ಪಾರ್ಕಿಂಗಿಗೆ ಎಷ್ಟು ಕೊಟ್ಟೆ ಹೇಳ್ರಿ ನೋಡೂಣು." ಒಬ್ಬರು ನೂರು ಅಂತಾರ, ಒಬ್ಬರು ಇನ್ನೂರು ಅಂತಾರ. ಇವರು ಖಾಲಿ ಅಂಗೈ ಅಗಲಿಸಿ ತೋರಸ್ತಾರ. ಆ ಹೊತ್ತಿನ್ಯಾಗ ಇವರ ಮಾರಿ ನೋಡಬೇಕು. ಬ್ಯಾಂಕಿನ್ಯಾಗ ಪ್ರಮೋಷನ್ ಸಿಕ್ಕಾಗೂ ಅಷ್ಟು ಕಳಾ ಬಂದಿರಲಿಲ್ಲ.

ಹಿಂಗ ಊರಮಂದಿಗೆಲ್ಲಾ ಸಮುದ್ರ ತೋರಿಸಿದ ಮನಿಯೊಳಗ ಅದನ್ನ ಮುಟ್ಟದ ಜೀವ ಒಂದ ಇತ್ತು, ಇವರ ತಾಯಿ, ನಮ್ಮ ಅತ್ತಿಯವರು ಗೋದಾಬಾಯಿ. ನೋಡೇ ಇಲ್ಲಂತಲ್ಲ, ಕಾರಿನ ಖಿಡಕ್ಯಾಗಿಂದ ನೋಡ್ಯಾರ. ಮುಟ್ಟಿರಲಿಲ್ಲ. ನಮ್ಮ ಮಂದಿಯೊಳಗ ಸಮುದ್ರಕ್ಕ ಬೇಕಾದಾವಾಗ ಕೈ ಹಚ್ಚೂಹಂಗಿಲ್ಲ. ಹುಣ್ಣಿವಿ, ಅಮಾಸಿ, ಗ್ರಹಣ, ಇಂಥಾ ಪರ್ವಕಾಲದಾಗ ಇಷ್ಟ. ಮಡೀಲೆ ಹೋಗಬೇಕು, ಹೊಟ್ಟ್ಯಾಗ ಏನೂ ಇರಬಾರದು, ಸೂರ್ಯಾ ಮುಳಗೂದರೊಳಗ ಮುಗೀಬೇಕು. ಮತ್ತ ನೀರಿಗೆ ಇಳಿಯೂಕಿಂತ ಮೊದಲ ಸಂಕಲ್ಪ ಆಗಬೇಕು. ಇಂಥಾ ಸಂವತ್ಸರ, ಇಂಥಾ ಮಾಸ, ಇಂಥಾ ತಿಥಿ, ಇಂಥಾ ಊರಾಗ, ಇಂಥಾವರು, ಇಂಥಾದ್ದರ ಸಲುವಾಗಿ ಸ್ನಾನಾ ಮಾಡ್ತಾರ ಅಂತ ದೇವರಿಗೆ ಹೇಳೂದು. ಅದಿಲ್ಲದ ಮುಳಗಿದ್ರ ಬರೇ ಮೈ ತೊಳಕೊಂಡಂಗ. ಹೆಂಗಸರು ಅದನ್ನ ತಾವ ಹೇಳೂ ರೂಢಿ ನಮ್ಮ ಮನ್ಯಾಗಿಲ್ಲ, ಗಂಡ ಹೇಳಬೇಕು. ಮಾವನವರು ಹೋಗಿ ಹದಿಮೂರು ವರ್ಷಾತು. ಹಿಂಗಾಗಿ ಮಗನ ಹೇಳಬೇಕು.

ಮ್ಹಾಪಸಾದ ನಮ್ಮ ಮನಿಯಿಂದ ಕಲಂಗೂಟ್ ಸಮುದ್ರಕ್ಕ ಅರ್ಧಾ ತಾಸಿನ ದಾರಿ. ವರ್ಷಕ್ಕ ಇಪ್ಪತ್ನಾಕು ಪರ್ವ. ಮಳಿಗಾಲದ್ದು ಬಿಡ್ರಿ, ಬ್ಯಾಂಕ್ ಇದ್ದ ದಿವಸ ಬಿಡ್ರಿ, ಉಳದದ್ದರೊಳಗ ನಾಕು ಸರ್ತೆ ಹೊಂಟಿದ್ವಿ. ನಾಕೂ ಸರ್ತೆ ಇವರಿಗೆ ಬೇಕಾದ ಜಾಗಾ ಸಿಗಲಿಲ್ಲ. "ಮುಂದಿನ ಅಮಾಸಿಗೆ ಬರೂಣಂತ ಬಿಡವ್ವಾ" ಅಂತ ಗಾಡಿ ತಿರಗಿಸಿಕೊಂಡು ಬಂದ್ರು. "ಸಮುದ್ರದ ಜೋಡಿ ನೆಂಟಸ್ತನ, ಉಪ್ಪಿಗೆ ಬಡತನ" ಅಂತ ಅತ್ತಿಯವರು ನಕ್ಕು ಸುಮ್ಮನಾಗ್ತಿದ್ರು. ಬಸ್ಸಿಗೆ ಹೋಗಬಹುದಿತ್ತಲಾ ಅಂತೀರಿ. ಮಡೀಲೆ ಇದ್ದ ಎಂಬತ್ತರ ಹತ್ರದ ಮುದುಕಿಯನ್ನ ಕರಕೊಂಡು ಮ್ಹಾಪಸಾದ ಬಸ್ಸು ಹತ್ತಿ ನೋಡ್ರಿ, ಆಮ್ಯಾಲ ಹೇಳ್ರಿ.

ಈ ಸರ್ತೆ ಮುಂದಿನ ಅಮಾಸಿ ಇರಲಿಲ್ಲ. ಇವರಿಗೆ ಕಲಬುರ್ಗಿಗೆ ಟ್ರಾನ್ಸ್‌ಫರ್ ಆಗಿತ್ತು. ಜನವರಿ ಒಂದಕ್ಕ ಸಾಮಾನಿನ ಲಾರಿ ಬರೂದಿತ್ತು. ಕಲಬುರ್ಗಿಯಿಂದ ಮತ್ತ ಈ ಮೊಣಕಾಲು, ಈ ಸಕ್ಕರಿ ರೋಗ ಹೊತ್ತುಕೊಂಡು ಅತ್ತಿಯವರು ಸಮುದ್ರಕ್ಕ ಬರೂದು ಆಗದ ಮಾತು ಅಂತ ನನಗ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಡಿಸೆಂಬರ್ ಮೂವತ್ತಕ್ಕ ಅಮಾಸಿ, ಅದೂ ಸೋಮವಾರ. ಸೋಮಾವತಿ ಅಮಾಸಿ ಅಂದ್ರ ಸಣ್ಣ ಪರ್ವ ಅಲ್ಲ. ಪಂಚಾಂಗ ನೋಡಿದ ದಿವಸದಿಂದ ಅತ್ತಿಯವರ ಬಾಯಾಗ ಬ್ಯಾರೆ ಮಾತಿಲ್ಲ.

ಮೂವತ್ತು ಡಿಸೆಂಬರ್! ಹೊಸಾ ವರ್ಷಕ್ಕಂತ ಅರ್ಧಾ ದೇಶ ಗೋವಾಕ್ಕ ಬಂದು ಬಿದ್ದಿರ್ತದ. ನಾ ಹೇಳಿದೆ, "ಮುಂಜಾನೆ ಐದಕ್ಕ ಹೋಗಿ ಬಂದುಬಿಡೂಣ್ರಿ." ಇವರಿಗೆ ಬ್ಯಾಂಕಿನ್ಯಾಗ ಮುಂಜಾನೆಯಿಂದ ಚಾರ್ಜ್ ಕೊಡೂದಿತ್ತಂತ, ಕಾಗದ ಎಲ್ಲಾ ಉಳದಾವಂತ. "ಎರಡಕ್ಕ ಬರ್ತೇನಿ, ಆರಾಮಶೀರ ಹೋಗೂಣು. ನನಗ ಗೊತ್ತಿಲ್ಲದ ಜಾಗಾ ಅದಾವೇನು ಅಲ್ಲಿ?" ಅಂದ್ರು. ಬಂದಾಗ ಮೂರು ಹೊಡದಿತ್ತು. ಅತ್ತಿಯವರು ಮುಂಜಾನೆ ತಲಿ ಮ್ಯಾಲ ನೀರು ಹಾಕ್ಕೊಂಡು, ಮಡಿ ಸೀರಿ ಉಟ್ಟು, ಒಂದು ಹನಿ ನೀರು ಕುಡೀದ ಕುರ್ಚ್ಯಾಗ ಕೂತಾವರು ಕೂತ ಇದ್ರು. ನಾ ಚೀಲದಾಗ ಅವಲಕ್ಕಿ, ಬಾಳಿಹಣ್ಣು ಇಟ್ಟುಕೊಂಡೆ, ಸ್ನಾನಾ ಆದ ಗಳಿಗಿಗೆ ಬಾಯಿಗೆ ಹಾಕ್ಲಿಕ್ಕೆ.

ಅರ್ಧಾ ತಾಸಿನ ದಾರಿಗೆ ಒಂದೂವರಿ ತಾಸು ಹಿಡೀತು. ಸಮುದ್ರದ ದಂಡಿ ಹತ್ರ ಬಂದ್ರ ಗಾಡಿ ನಿಲ್ಲಸ್ಲಿಕ್ಕೆ ಅಲ್ಲ, ಕಾಲು ಇಡ್ಲಿಕ್ಕೂ ಜಾಗಾ ಇಲ್ಲ. ಹಿಂದಿನವರು ಹಾರ್ನ್ ಹೊಡೀಲಿಕ್ಕತ್ತಾರ. ಇವರು ಅಂದ್ರು, "ನೀವಿಬ್ಬರೂ ಇಳೀರಿ, ನೀರಿನ ಹತ್ರ ಕೂಡ್ರಿ. ಗಾಡಿ ಹಚ್ಚಿ ಐದ ನಿಮಿಷದಾಗ ಬಂದೆ."

"ಲಗೂನ ಬಾರೋ ಆನಂದಾ," ಅಂದ್ರು ಅತ್ತಿಯವರು.

"ಬಂದೇ ಬಿಟ್ಟೆ ಅಂತ ತಿಳಕೋ."

ಪಂಚಪಾತ್ರಿ, ಅಕ್ಷತಿ, ಇವರ ಧೋತರ, ಎಲ್ಲಾ ಗಾಡ್ಯಾಗ ಹೋದವು. ಉಸುಕಿನ ಮ್ಯಾಲ ಧಾಬಳಿ ಹಾಸಿದೆ, ಅತ್ತಿಯವರು ಮಾರಿ ಸಮುದ್ರದ ಕಡೆ ಮಾಡಿ ಕೂತ್ರು. ನೀರು ನಾಕು ಮಾರು ದೂರಿತ್ತು. ನಾನೂ ಮಡೀಲೇ ಬಂದಾಕಿ, ಆದ್ರ ಕೈಯಾಗ ಮೊಬೈಲ್ ಹಿಡದಕೂಡ್ಲೆ ನನ್ನ ಮಡಿ ಅಲ್ಲಿಗೇ ಮುಗದಿತ್ತು. ಅವರನ್ನ ನಾನೂ ಮುಟ್ಟೂಹಂಗಿಲ್ಲ. ಎರಡು ಕೈ ದೂರ ಕೂತೆ.

ಐದಕ್ಕ ಹತ್ತು ನಿಮಿಷ ಕಮ್ಮಿ ಇದ್ದಾಗ ಫೋನ್ ಬಂತು. "ಮಾರ್ಕೆಟ್ ಹಿಂದ ಬರೇ ಟೆಂಪೋ ಟ್ರಾವೆಲರ್, ಸೂಜಿ ಚುಚ್ಚಲಿಕ್ಕೆ ಜಾಗಾ ಇಲ್ಲ. ಇಗರ್ಜಿ ಕಡೆ ಹೊಂಟೇನಿ."

ಅಷ್ಟರೊಳಗ ಸರಾ ಮಾರಾಕಿ ಒಬ್ಬಾಕಿ ಬಂದು ನಮ್ಮ ಮುಂದ ಕುಕ್ಕರಗಾಲಿಲೆ ಕೂತ್ಲು. ತೋಳಿನ ತುಂಬ ಮಣಿಸರ, ಕಿವ್ಯಾಗ ಬೆಳ್ಳಿ ಜುಮಕಿ. ನಮ್ಮ ಮಾತು ಕೇಳೇ ಬಂದಿದ್ಲು. "ಕನ್ನಡದವ್ರೇನ್ರೀ ಯವ್ವಾ? ಸರಾ ನೋಡ್ರಿ, ನಿಮಗಂದ್ರ ಕಮ್ಮಿ ಮಾಡಿ ಕೊಡ್ತೇನಿ." ವಿಜಾಪುರ ಕಡಿ ತಾಂಡಾದಾಕಿ, ಮೋತಿಬಾಯಿ ಅಂತ ಹೆಸರು. ಹದಿನೆಂಟು ವರ್ಷದಿಂದ ಇದ ಉಸುಕಿನ ಮ್ಯಾಲ ಅಡ್ಡಾಡಾಕತ್ತಾಳಂತ.

"ಮುಟ್ಟಬ್ಯಾಡವಾ, ಮಡಿ ಅದೇನಿ," ಅಂದ್ರು ಅತ್ತಿಯವರು.

"ಮುಟ್ಟೂದಿಲ್ಲ ಬಿಡ್ರಿ. ಯಾರ ಹಾದಿ ಕಾಯಾಕತ್ತೀರಿ?"

"ನನ್ನ ಮಗ ಗಾಡಿ ಹಚ್ಚಲಿಕ್ಕೆ ಹೋಗ್ಯಾನ."

"ಗಾಡಿ ಹಚ್ಚಾಕ ಹೋದವ್ರು ಇವತ್ತು ಬರೂದಿಲ್ರೀ ಯವ್ವಾ," ಅಂದು ಮೋತಿಬಾಯಿ ಖೊಳ್ ಅಂತ ನಕ್ಕಳು. "ಅಗೋ ಅಲ್ಲಿ ನೋಡ್ರಿ, ಆ ಕೆಂಪು ಟೊಪಗಿ ಹೆಣ್ಣಮಗಳು. ಆಕಿ ಗಂಡ ಊಟದ ಹೊತ್ತಿಗೆ ಹೋಗ್ಯಾನ. ಮದಲ ಮದಲ ಸಿಟ್ಟಿಲೆ ಕುಂತಿದ್ಲು, ಈಗ ಮಲಕೊಂಡಾಳ."

ನನಗೂ ನಗು ಬಂತು. ಅತ್ತಿಯವರು ನಗಲಿಲ್ಲ. ಅವರ ಕಣ್ಣು ನೀರಿನ ಮ್ಯಾಲ ಇತ್ತು. ಆಗ ನಾ ನೋಡಿದೆ, ಸಮುದ್ರ ನಾಕು ಮಾರಿದ್ದದ್ದು ಹತ್ತು ಮಾರಾಗಿತ್ತು. ಇಳತದ ಹೊತ್ತು, ನೀರು ಹಿಂದ ಸರೀಲಿಕ್ಕತ್ತಿತ್ತು. "ಅದಕ್ಕೂ ಬ್ಯಾಸರಾತು ನೋಡು," ಅಂದ್ರು ಅತ್ತಿಯವರು.

ಐದೂ ಹತ್ತಕ್ಕ ನಾನ ಫೋನ್ ಮಾಡಿದೆ. "ಇಗರ್ಜಿ ಮುಂದ ಹಗ್ಗಾ ಕಟ್ಯಾರ, ನಾಳಿಂದು ತಯಾರಿ. ನೀ ಅವ್ವಗ ಹೇಳು, ಆ ಹೋಟೆಲ್ ಅದಲ್ಲ, ಮುಚ್ಚಿದ್ದು, ಅಲ್ಲಿ ನಕ್ಕಿ ಸಿಗ್ತದ." ಐದೂ ಇಪ್ಪತ್ತೈದಕ್ಕ ಮತ್ತ ಇವರದ. ದನಿಯೊಳಗ ಅನ್ಯಾಯ ಆದವರ ಸಂಕಟ. "ಶ್ರೀ, ಆ ಹೋಟೆಲ್ ಚಾಲೂ ಆಗ್ಯದ! ಲೈಟು, ಹಾಡು, ಬಾಗಲದಾಗ ಗುರ್ಖಾ!"

"ರೊಕ್ಕಾ ಕೊಟ್ಟು ನಿಲ್ಲಸೂ ಜಾಗಾ ಇಲ್ಲೇನ್ರಿ ಎಲ್ಲೂ?"

"ಅದಾವ. ಇಲ್ಲೇ ಒಂದು ಗದ್ದಿಯೊಳಗ ಹಚ್ಚಸ್ಲಿಕ್ಕತ್ಯಾರ. ಎಷ್ಟು ಕೇಳ್ತಾನ ಗೊತ್ತದೇನು? ಮುನ್ನೂರು! ಹ್ವಾದ ವರ್ಷ ಐವತ್ತಿತ್ತು. ಹಗಲು ದರೋಡಿ!"

"ಕೊಟ್ಟು ಬರ್ರಿ."

"ರೊಕ್ಕದ ಪ್ರಶ್ನೆ ಅಲ್ಲ ಇದು. ತತ್ವದ ಪ್ರಶ್ನೆ."

ನನ್ನ ಮೈಯೆಲ್ಲಾ ಉರೀತು. ತತ್ವ ಅಂತ! ಇತ್ತ ಇವರ ತಾಯಿ ಉಪವಾಸ ಕೂತಾರ, ಸೂರ್ಯಾ ಇಳೀಲಿಕ್ಕತ್ಯಾನ, ಇವರು ಗದ್ದಿ ಕಾಯುವವನ ಜೋಡಿ ತತ್ವ ಮಾತಾಡ್ಲಿಕ್ಕತ್ಯಾರ. "ಮುನ್ನೂರಲ್ಲ, ಮೂರು ಸಾವಿರ ಕೇಳಿದ್ರೂ ಕೊಟ್ಟು ಬರ್ರಿ. ಇಲ್ಲಂದ್ರ ಫೋನಿನ್ಯಾಗ ಸಂಕಲ್ಪ ಹೇಳ್ರಿ, ನಾ ಅವರ ಕಿವಿ ಹತ್ರ ಹಿಡೀತೇನಿ."

"ತಲಿ ನೆಟ್ಟಗದ ಏನ ನಿನಗ? ಕಾಲಾಗ ಬೂಟು, ಮೈಲಿಗಿ ಅರಬಿ, ಈ ಮನಷ್ಯಾನ ಜೋಡಿ ಜಗಳಾ ನಡದದ. ಇದರಾಗ ಸಂಕಲ್ಪ ಹೇಳ್ಲೇನು? ಇಡು. ಇನ್ನೊಂದು ಜಾಗಾ ನೆಪ್ಪಾಗ್ಯದ. ಐದ ನಿಮಿಷ."

ಅದರ ಮುಂದ ಫೋನ್ ಹತ್ತಲೇ ಇಲ್ಲ. ಅಷ್ಟೂ ಮಂದಿ ಒಮ್ಮೆಲೆ ಫೋಟೋ ಕಳಸ್ಲಿಕ್ಕೆ ಹತ್ತಿದ್ರ ನೆಟ್‌ವರ್ಕ್ ಎಲ್ಲಿಂದ ಬರಬೇಕು. ನಾ ಹತ್ತು ಸರ್ತೆ ಹಚ್ಚಿದೆ, ಹತ್ತೂ ಸರ್ತೆ ಒಂದ ಹೆಣ್ಣಮಗಳು ಕೊಂಕಣಿಯೊಳಗ ಏನೋ ಹೇಳಿ ಕಟ್ ಮಾಡಿದ್ಲು.

ಐದೂ ಮುಕ್ಕಾಲಕ್ಕ ಅತ್ತಿಯವರ ಹಣಿ ಮ್ಯಾಲ ಬೆವರು ಕಂಡೆ. ಗಾಳಿ ತಂಪಿತ್ತು, ಸಕ್ಕರಿ ಇಳೀಲಿಕ್ಕತ್ತಿತ್ತು. "ಅತ್ಯಾ, ಒಂದು ಬಾಳಿಹಣ್ಣು ತಿನ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ತಿಂದ್ರ ಸ್ನಾನಾ ಇಲ್ಲ."

"ಹಂಗಿದ್ರ ಸ್ನಾನಾ ಮಾಡಿಬಿಡ್ರಿ."

"ಸಂಕಲ್ಪ ಯಾರು ಹೇಳಬೇಕ?"

ಆ ಕೆಂಪು ಟೊಪಗಿ ಹೆಣ್ಣಮಗಳು ಎದ್ದು ಉಸುಕು ಝಾಡಿಸಿಕೊಂಡು ಒಬ್ಬಾಕಿನ ಹೊಂಟುಹೋದ್ಲು. ಅತ್ತಿಯವರು ಆಕಿಯನ್ನ ಕಣ್ಣ ಮುಂದಿಂದ ಮರಿ ಆಗೂತನಕ ನೋಡಿದ್ರು. ಲೈಫ್‌ಗಾರ್ಡ್ ಹುಡುಗರು ಗಾಡಿ ತೊಗೊಂಡು ದಂಡಿಗುಂಟ ಬರ್ಲಿಕ್ಕತ್ತಿದ್ರು. "ಆರಕ್ಕ ಸೀಟಿ ಊದ್ತಾರ್ರಿ ಯವ್ವಾ," ಅಂದ್ಲು ಮೋತಿಬಾಯಿ, "ಆಮ್ಯಾಗ ಯಾರನ್ನೂ ನೀರಾಗ ಬಿಡೂದಿಲ್ಲ."

"ಎಷ್ಟಾತು ಈಗ?" ಅತ್ತಿಯವರು ನನ್ನ ಕೇಳಿದ್ರು.

"ಆರಕ್ಕ ಹತ್ತು ಕಮ್ಮಿ."

ಅತ್ತಿಯವರು ಸೂರ್ಯಾನ ಕಡೆ ಒಮ್ಮೆ ನೋಡಿದ್ರು. ಆಮ್ಯಾಲ ಕೈ ಮುಂದ ಚಾಚಿದ್ರು. "ಹಿಡಿ. ಎಬ್ಬಸು ನನ್ನ."

"ಮಡಿ?"

"ಮಡಿ ಅಂತ ಮಡಿ. ಹಿಡಿ ಅಂದ್ನೆಲ್ಲಾ."

ನಾ ಹಿಡದೆ. ಒಂದು ತಾಸಿನ ಮ್ಯಾಲ ಕೂತ ಮೊಣಕಾಲು ನೆಟ್ಟಗಾಗಲಿಲ್ಲ, ಧಡಕ್ಕನ ವಾಲಿದ್ರು. ಮೋತಿಬಾಯಿ ಕೈ ಮುಂದ ಮಾಡಿ, ನೆಪ್ಪಾಗಿ, ಹಿಂದ ತೊಗೊಂಡ್ಲು. "ಹಿಡಿಯವಾ ತಾಯಿ, ನೀನೂ ಹಿಡಿ, ಒಬ್ಬಾಕಿ ಕೈಲೆ ನಾ ಏಳೂದಿಲ್ಲ," ಅಂದ್ರು ಅತ್ತಿಯವರು. ಮೋತಿಬಾಯಿ ಸರಾ ಎಲ್ಲಾ ಬಿಚ್ಚಿ ನಮ್ಮ ಧಾಬಳಿ ಮ್ಯಾಲ ಹಾಕಿ ಬಂದು ಇನ್ನೊಂದು ರಟ್ಟಿ ಹಿಡದ್ಲು.

ಹಸಿ ಉಸುಕಿನ ಮ್ಯಾಲ ನಡದ್ವಿ. ನೀರು ಈಗ ಭಾಳ ದೂರ ಹೋಗಿತ್ತು. ಅತ್ತಿಯವರು ಎರಡು ಹೆಜ್ಜಿಗೊಮ್ಮೆ ನಿಲ್ಲೂರು. ಒಂದು ತೆರಿ ಬಂದು ಕಾಲಬಟ್ಟಿನ ಮುಂದ ನಿಂತು ಹಿಂದ ಹೋತು. ಅಲ್ಲಿ ನಿಂತು ಕೈ ಜೋಡಿಸಿದ್ರು. ನಾ ಅನಕೊಂಡೆ, ಗಂಡ ಹೇಳೂದನ್ನ ನಲವತ್ತೈದು ವರ್ಷ ಕೇಳ್ಯಾರ, ಸಂಸ್ಕೃತದಾಗ ಹೇಳ್ತಾರ ಅಂತ. ಶುರು ಮಾಡಿದ್ರು, ಎರಡು ಶಬ್ದಕ್ಕ ತಪ್ಪಿತು. ಮತ್ತ ಶುರು ಮಾಡಿದ್ರು, ಮತ್ತ ತಪ್ಪಿತು. "ಹೋಗ್ಲಿ ಅತ್ತ," ಅಂದು ಕನ್ನಡದಾಗ ಹೇಳ್ಲಿಕ್ಕೆ ಹತ್ತಿದ್ರು, ಬಾಜೂ ಮನಿಯವರ ಜೋಡಿ ಮಾತಾಡೂ ದನೀಲೆ.

"ಸಮುದ್ರರಾಜಾ, ಇದು ಕ್ರೋಧಿ ಸಂವತ್ಸರ. ಮಾರ್ಗಶಿರ. ಸೋಮವಾರ, ಅಮಾಸಿ. ಊರು ಕಲಂಗೂಟ್. ನಾ ಗೋದಾಬಾಯಿ, ಧಾರವಾಡದಾಕಿ. ಹನ್ನೊಂದು ವರ್ಷ ನಿನ್ನ ಊರಾಗ ಇದ್ದೂ ನಿನ್ನ ಮನಿಗೆ ಬರಲಿಲ್ಲ, ತಪ್ಪಾತು. ನಾಡದ ಹೊಂಟೇನಿ, ಮತ್ತ ಬರೂದು ಆಗಲಿಕ್ಕಿಲ್ಲ."

ಇಲ್ಲಿಗೆ ನಿಂತ್ರು. ಮುಂದ ಹೇಳೂದು ಸ್ನಾನಾ ಯಾತರ ಸಲುವಾಗಿ ಅನ್ನೂದು. ಮೊಣಕಾಲು ಅದ, ಸಕ್ಕರಿ ಅದ, ಸತ್ತ ಗಂಡ ಇದ್ದಾರ, ಕೇಳ್ಲಿಕ್ಕೆ ಏನು ಕಮ್ಮಿ? ನಾ ಕಾದೆ. ಅವರ ಬಾಯಿ ಒಣಗಿತ್ತು, ನಾಲಿಗಿ ತುಟಿ ಮ್ಯಾಲ ಆಡಿಸಿಕೊಂಡ್ರು.

"ನನ್ನ ಮಗ ಗಾಡಿ ನಿಲ್ಲಸ್ಲಿಕ್ಕೆ ಅಡ್ಡಾಡಲಿಕ್ಕತ್ಯಾನ. ಮುಂಜಾನಿಂದ ಅವನ ಹೊಟ್ಟ್ಯಾಗೂ ಏನಿಲ್ಲ. ಅವಂಗ ಒಂದು ಜಾಗಾ ಸಿಗಲಿ. ಇದರ ಸಲುವಾಗಿ ಸ್ನಾನಾ ಮಾಡ್ತೇನಿ."

ನನಗ ಅಳು ಬಂತು. ಸಿಟ್ಟಿಗೂ ಬಂದಿರಬಹುದು, ಗೊತ್ತಿಲ್ಲ. ಇಬ್ಬರೂ ಆ ಕಡೆ ಈ ಕಡೆ ಹಿಡದು ಸೊಂಟದ ಮಟಾ ಇಳಿಸಿದ್ವಿ. ಮೂಗು ಹಿಡಕೊಂಡು ಮುಳಗಿದ್ರು. ಒಂದು. ಎರಡು. ಮೂರಕ್ಕ ಎದ್ದಾಗ ತೆರಿ ಮಾರಿಗೆ ಬಡೀತು, ಬಾಯಾಗ ನೀರು ಹೋತು. "ಅಯ್ಯ ಶಿವನ, ಎಷ್ಟ ಉಪ್ಪದಲೇ ಇದು!" ಅಂದು ಕೆಮ್ಮಿ, ಕೆಮ್ಮಿ, ನಕ್ಕರು. ಸಣ್ಣ ಹುಡುಗಿಗತೆ ನಕ್ಕರು. ಅವರು ಹಂಗ ನಕ್ಕದ್ದನ್ನ ನಾ ಈ ಮನಿಗೆ ಬಂದಾಗಿಂದ ಕಂಡಿರಲಿಲ್ಲ. ಅಷ್ಟರಾಗ ಸೀಟಿ ಊದಿದ್ರು.

ದಂಡಿಗೆ ಕರಕೊಂಡು ಬಂದು, ಮೋತಿಬಾಯಿ ತನ್ನ ಓಡಣಿ ಅಡ್ಡಾ ಹಿಡದ್ಲು, ನಾ ಸೀರಿ ಬದಲಸ್ಲಿಕ್ಕೆ ಹೋದ್ರ ಒಣಾ ಸೀರಿನೂ ಗಾಡ್ಯಾಗ. ಹಸಿ ಸೀರಿ ಮ್ಯಾಲ ಧಾಬಳಿ ಸುತ್ತಿ ಕೂಡಿಸಿ ಬಾಳಿಹಣ್ಣು ಸುಲದು ಕೈಯಾಗ ಕೊಟ್ಟೆ. ಅವರು ಅರ್ಧಾ ಮುರದು ಮೊದಲ ಮೋತಿಬಾಯಿಗೆ ಕೊಟ್ರು. ಸೂರ್ಯಾ ಮುಳಗಿದ. ಮೋತಿಬಾಯಿ ತನ್ನ ಸರಾ ಆರಿಸಿಕೊಂಡು, "ಬರ್ತೇನ್ರೀ ಯವ್ವಾ, ಇನ್ನ ಗಿರಾಕಿ ಹೊತ್ತು," ಅಂತ ಹೋದ್ಲು. ಒಂದು ಸರಾ ತೊಗೋಬೇಕಿತ್ತು ಅಂತ ಆಕಿ ಹೋದ ಮ್ಯಾಲ ಹೊಳೀತು.

ಆರೂ ಇಪ್ಪತ್ತೈದಕ್ಕ ಇವರು ಓಡಕೋತ ಬಂದ್ರು. ಪ್ಯಾಂಟು ಮೊಣಕಾಲಿನ ಮಟಾ ಮಡಚ್ಯಾರ, ಒಂದು ಕೈಯಾಗ ಬೂಟು, ಒಂದು ಕೈಯಾಗ ಪಂಚಪಾತ್ರಿ. ಏದುಸಿರು ಬಿಡ್ಲಿಕ್ಕತ್ಯಾರ, ಆದ್ರ ಮಾರಿ ಮ್ಯಾಲ ಅದ ಕಳಾ.

"ಸಿಕ್ತು! ಅವ್ವಾ, ಸಿಕ್ತು! ಎರಡೂವರಿ ಕಿಲೋಮೀಟರ್ ಆತು, ಆದ್ರ ಪುಕ್ಕಟ! ಇನ್ನ ಆಗೂದಿಲ್ಲ, ಮುನ್ನೂರು ಕೊಟ್ಟ ಬಿಡೂಣು ಅಂತ ಗಾಡಿ ತಿರಗಸೂದಕ್ಕ ಒಬ್ಬಾವ ಬಂದು ಕಣ್ಣ ಮುಂದ ಗಾಡಿ ತಗದಾ. ಸರಿಯಾಗಿ ಆರಕ್ಕ. ದೇವರ ಕಳಿಸಿದಂಗ ಬಂದಾ ನೋಡು!"

ಆಗ ಇವರಿಗೆ ತಾಯಿಯ ಹಸಿ ಕೂದಲಾ ಕಂಡವು, ಧಾಬಳಿ ಕೆಳಗ ಸೋರ್ಲಿಕ್ಕತ್ತ ಸೀರಿ ಸೆರಗು ಕಂಡಿತು, ಕೈಯಾಗಿನ ಬಾಳಿಹಣ್ಣಿನ ಸಿಪ್ಪಿ ಕಂಡಿತು.

"ನನ್ನ ಬಿಟ್ಟ ಮಾಡಿದ್ಯಾ ಅವ್ವಾ?"

ಐವತ್ತಾರು ವರ್ಷದ ಗಂಡಸು, ದನಿ ಒಡದು ಹೋಗಿತ್ತು. ಅತ್ತಿಯವರಿಗೆ ಸಿಟ್ಟಿರಲಿಲ್ಲ. "ಹನ್ನೊಂದು ವರ್ಷ ನಿನ್ನ ಹಿಡಕೊಂಡ ಕೂತಿದ್ದೆನಲ್ಲೋ ಆನಂದಾ," ಅಂದ್ರು.

"ಮತ್ತ ಸಂಕಲ್ಪ?"

"ನಾನ ಹೇಳಿದೆ."

"ಏನಂತ ಹೇಳಿದಿ?"

ಅತ್ತಿಯವರು ಅವಲಕ್ಕಿ ಡಬ್ಬಿ ಮುಚ್ಚಳಾ ತಗೀಲಿಕ್ಕೆ ಹತ್ತಿದ್ರು. ಇವರು ನನ್ನ ಕಡೆ ನೋಡಿದ್ರು. ಐದೂವರಿಯಿಂದ ನಾ ಇವರಿಗೆ ಅನಬೇಕಂತ ಎಷ್ಟೋ ಮಾತು ಕೂಡಿಸಿ ಇಟ್ಟಿದ್ದೆ, ಒಂದಕ್ಕಿಂತ ಒಂದು ಖಾರದ್ದು.

"ನಿಮಗ ಗಾಡಿ ನಿಲ್ಲಸ್ಲಿಕ್ಕೆ ಜಾಗಾ ಸಿಗಲಿ ಅಂತ ಹೇಳಿದ್ರು," ಅಂದೆ.

ಇವರು ಬೂಟು ಕೆಳಗ ಇಟ್ರು. ಪಂಚಪಾತ್ರಿ ಅದರ ಬಾಜೂಕ ಇಟ್ರು. ಉಸುಕಿನ ಮ್ಯಾಲ ಹಂಗ ಕೂತು ಮಬ್ಬುಗತ್ತಲ್ಯಾಗ ಸಮುದ್ರದ ಕಡೆ ನೋಡಿ, ನನಗಷ್ಟ ಕೇಳೂಹಂಗ ಕೇಳಿದ್ರು, "ತನಗಂತ ಏನ ಕೇಳಿದ್ಲು?"

"ಏನಿಲ್ಲ," ಅಂದೆ.